ನಲವತ್ತೆರಡರಲ್ಲಿ ಜರ್ಮನ್ ಪಾಠ

ಅಮೆರಿಕದ ಹಾಸ್ಯಸಾಹಿತಿ ಮಾರ್ಕ್ ಟ್ವೇನನು ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. 1847ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಹನ್ನೊಂದು ವರ್ಷ. ಸ್ವಲ್ಪ ಕಾಲದಲ್ಲಿಯೇ ಶಾಲೆ ಬಿಟ್ಟು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ನಿಂತನು. ಅಂಥವನಿಗೆ ಪರಭಾಷೆಯ ವ್ಯಾಕರಣವನ್ನು ಗುರುಮುಖದಿಂದ ಕಲಿಯುವ ಭಾಗ್ಯವೆಲ್ಲಿಯದು?

1878ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳೊಡನೆ ಹೈಡೆಲ್‌ಬರ್ಗ್ ನಗರದಲ್ಲಿ ಬೀಡುಬಿಟ್ಟು ಅವನು ಜರ್ಮನ್ ಭಾಷೆಯೊಡನೆ ಸೆಣಸಿದನು. ಆ ಭಾಷೆಯಲ್ಲಿ ಟರ್ನಿಪ್ ಗೆಡ್ಡೆ ಸ್ತ್ರೀಲಿಂಗ, ಹುಡುಗಿಯೋ, ನಪುಂಸಕಲಿಂಗ! ಅರ್ಥವನ್ನು ನೋಡಿ ಲಿಂಗ ಹೇಳುವ ಕನ್ನಡಿಗರೂ ಇಲ್ಲಿ ತಬ್ಬಿಬ್ಬಾಗಬೇಕಾದುದೇ. ಆದರೆ ಕ್ರಿಯಾಪದಕ್ಕಾಗಿ ವಾಕ್ಯದ ತುದಿಯವರೆಗೂ ಕಾಯಬೇಕೆಂದು ಅವನು ಗೊಣಗಿದ್ದಕ್ಕೆ ಕನ್ನಡಿಗರ ಅನುಕಂಪ ದೊರೆಯಲಾರದು; ಅವರಿಗದು ಹುಟ್ಟಿನಿಂದ ಬಂದ ಅಭ್ಯಾಸ. ಈ ಪಾಡನ್ನೆಲ್ಲ 1880ರಲ್ಲಿ ಪ್ರಬಂಧವಾಗಿ ಪ್ರಕಟಿಸಿ ಓದುಗರನ್ನು ನಗಿಸಿದನು.

ನಗಿಸಿದನೇ ಹೊರತು ಕಲಿಕೆಯನ್ನು ಬಿಡಲಿಲ್ಲ. 1891ರಲ್ಲಿ ಬರ್ಲಿನ್‌ನಲ್ಲಿದ್ದಾಗ ಜರ್ಮನ್ ಮಕ್ಕಳ ಪದ್ಯಪುಸ್ತಕವೊಂದನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ, ತನ್ನ ಹೆಣ್ಣುಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕೊಟ್ಟನು. 1897ರಲ್ಲಿ ವಿಯೆನ್ನಾದ ಪತ್ರಕರ್ತರ ಸಂಘದಲ್ಲಿ ಜರ್ಮನ್ ಭಾಷೆಯಲ್ಲಿಯೇ ಭಾಷಣ ಮಾಡಿ ಆ ಭಾಷೆಯನ್ನೇ ಗೇಲಿಮಾಡಿದನು.

ಪತ್ನಿ ಒಲಿವಿಯಾ 1904ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡಳು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಅವಳ ಸಮಾಧಿಯಿದೆ. ಅದರ ಕಲ್ಲಿನ ಮೇಲೆ, ತನ್ನ ಆನಂದವೇ ಆಗಿದ್ದವಳಿಗೆ ದೇವರು ಕೃಪೆ ತೋರಲೆಂದು ಬೇಡುವ ಸಾಲೊಂದನ್ನು ಕೆತ್ತಿಸಿದ್ದಾನೆ. ಆ ಸಾಲು ಜರ್ಮನ್ ಭಾಷೆಯಲ್ಲಿದೆ.