ಅತ್ತಿಮಬ್ಬೆ ಒಂದೇ ಪ್ರತಿ ಮಾಡಿಸಲಿಲ್ಲ



ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಕೆರಳಿಸುವ ವಾಕ್ಯವೊಂದಿದೆ. ಮದುವೆ, ಉಪನಯನಗಳಲ್ಲಿ ಮಾತ್ರವಲ್ಲದೆ ಶ್ರಾದ್ಧದೂಟದ ಪಂಕ್ತಿಯಲ್ಲಿಯೂ ಅದು ಕಿವಿಗೆ ಬೀಳುತ್ತದೆ. ಹಳೆಯ ಭಾವಚಿತ್ರಗಳ ಮಾತೋ, ಮನೆಯಲ್ಲಿ ಹಿಡಿದಿಟ್ಟ ಹಾಡು, ತಾಳಮದ್ದಳೆಗಳ ಮಾತೋ ಬಂದೊಡನೆ ಶಿಷ್ಯನಾದವನು "ಎಲ್ಲ ಫೋನಿನಲ್ಲಿದೆ ಸರ್" ಎನ್ನುತ್ತಾನೆ. ಬಂಧುವಾದವನು "ಗೂಗಲ್‌ನಲ್ಲಿದೆ ಮಾವ, ಎಲ್ಲಿಗೂ ಹೋಗುವುದಿಲ್ಲ" ಎನ್ನುತ್ತಾನೆ. ಹೀಗೆನ್ನುವವರಲ್ಲಿ ಅನೇಕರು ಗಣಕಯಂತ್ರದಿಂದಲೇ ಅನ್ನ ಸಂಪಾದಿಸುವವರು. ತಮ್ಮ ಕಚೇರಿಯ ಲೆಕ್ಕಪತ್ರಗಳನ್ನು ಮೂರು ಊರುಗಳಲ್ಲಿ ಮೂರು ಪ್ರತಿಯಾಗಿ ಇಡುವ ವ್ಯವಸ್ಥೆಯನ್ನು ಮಾಡಿ, ಅದಕ್ಕಾಗಿಯೇ ಸಂಬಳ ಪಡೆಯುವವರು. ಅಂಥವರ ಮನೆಯಲ್ಲಿ ಅಜ್ಜಿಯ ಕೊನೆಯ ಭಾವಚಿತ್ರ ಒಂದೇ ಒಂದು ಕಡೆ ಇದೆ. ಯಜಮಾನನ ಸೊತ್ತಿಗೆ ಮೂರು ಬೀಗ, ಮನೆಯ ಸೊತ್ತಿಗೆ ಚಿಲಕವೂ ಇಲ್ಲ ಎಂಬ ಈ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಒಂದೇ ಕಡೆ ಇರುವ ವಸ್ತುವನ್ನು "ಕಾದಿರಿಸಿದ್ದೇವೆ" ಎನ್ನಲು ನಮಗೆ ಹಕ್ಕಿಲ್ಲ. ಅದು ಸದ್ಯಕ್ಕೆ ಕಳೆದುಹೋಗಿಲ್ಲ, ಅಷ್ಟೆ. ಇದು ಗಣಕಯಂತ್ರ ಬಂದ ಮೇಲೆ ಹುಟ್ಟಿದ ಜ್ಞಾನವೂ ಅಲ್ಲ.

ಕನ್ನಡ ತರಗತಿಯಲ್ಲಿ ಕುಳಿತವರಿಗೆ ಹತ್ತನೆಯ ಶತಮಾನದ ಪೊನ್ನನ ಹೆಸರು ನೆನಪಿರಬೇಕು; ಮರೆತಿದ್ದರೆ ಈಗ ಅಂಕ ಕಡಿಯುವ ಅಧಿಕಾರ ನನಗಿಲ್ಲ. ಆತನ ‘ಶಾಂತಿಪುರಾಣ’ ನಮಗೆ ದೊರೆತಿದೆ. ಆತನದೇ ‘ಭುವನೈಕ ರಾಮಾಭ್ಯುದಯ’ ದೊರೆತಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಂದು ಉಳಿದುದಕ್ಕೂ ಇನ್ನೊಂದು ಅಳಿದುದಕ್ಕೂ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ನಾನು ಸಾಧಿಸಲಾರೆ. ಆದರೆ ಸಾವಿರ ಪ್ರತಿಗಳಿದ್ದ ಕೃತಿ ಸಾವಿರ ವರ್ಷ ಬಾಳಿತೆಂಬುದನ್ನು ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿಯೇ ‘ಅಜಿತಪುರಾಣ’ವನ್ನು (993) ಬರೆದ ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳ ಹೆಸರು ಮಾತ್ರ ಉಳಿದಿದೆ. ಕವಿಚಕ್ರವರ್ತಿಯ ಕಾವ್ಯಕ್ಕೇ ಈ ಗತಿಯಾದರೆ ನಮ್ಮ ನಿಮ್ಮ ಮನೆಯ ಆಲ್ಬಮ್ಮಿನ ಪಾಡೇನು?

ಆ ಕಾಲದ ಶ್ರಮವನ್ನೊಮ್ಮೆ ಯೋಚಿಸಿ. ಓಲೆಯನ್ನು ಹದಗೊಳಿಸಬೇಕು, ಲೋಹದ ಮೊನೆಯಿಂದ ಒಂದೊಂದೇ ಅಕ್ಷರವನ್ನು ಗೀಚಬೇಕು, ಮಸಿ ಸವರಿ ಒರೆಸಬೇಕು. ಆ ಓಲೆಯೂ ಶಾಶ್ವತವಲ್ಲವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಹಳೆಯ ಓಲೆ ಜೀರ್ಣವಾಗುವ ಮೊದಲು ಹೊಸ ಓಲೆಗೆ ಇಳಿಸುವ ಪದ್ಧತಿ ನಡೆದುಬಂತು. ನಮಗಾದರೋ ಸಾವಿರ ಚಿತ್ರಗಳ ಪ್ರತಿ ತೆಗೆಯಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಅದಕ್ಕೂ ಪುರುಸೊತ್ತಿಲ್ಲವೆಂದರೆ ಏನೆನ್ನಬೇಕು?

ಪ್ರಾಚೀನರ ಉದಾಹರಣೆ ದೂರದ್ದಾಯಿತೆನ್ನುವವರಿಗೆ ಹತ್ತಿರದ್ದನ್ನೇ ಹೇಳುತ್ತೇನೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಜನರು ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ನಡುವಿನ ಮೂವತ್ತು ವರ್ಷ "ಎಲ್ಲಿಗೂ ಹೋಗುವುದಿಲ್ಲ" ಎಂದವರು ಆಗಲೂ ಇದ್ದಿರಬೇಕು.

ಇನ್ನು ನಮ್ಮ ಕಬಕ, ಪುತ್ತೂರು, ಸುಳ್ಯ ಕಡೆಯ ಮಾತು. ಘಟ್ಟದ ಕೆಳಗಿನ ಈ ಸೀಮೆಯಲ್ಲಿ ಕಾಗದ, ಫಿಲ್ಮು, ಕ್ಯಾಸೆಟ್ ಎಲ್ಲಕ್ಕೂ ಆಯುಷ್ಯ ಕಡಿಮೆ. ಆಟಿಯ ಮಳೆಗೆ ಗೋಡೆ ಬೆವರುತ್ತದೆ; ಮರದ ಕಪಾಟಿನೊಳಗಿನ ಆಲ್ಬಮ್ಮಿನ ಚಿತ್ರಗಳು ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು, ಎಳೆದರೆ ಮುಖವೇ ಕಿತ್ತುಬರುತ್ತದೆ. ಕ್ಯಾಸೆಟ್ಟಿನ ಸುರುಳಿಗೆ ಬಿಳಿ ಬೂಸಲು. ಒರಲೆಯ ಕಥೆಯನ್ನು ಹೇಳಬೇಕಾಗಿಲ್ಲ. ಇವುಗಳಿಂದ ಪಾರುಮಾಡಲೆಂದು ಎಲ್ಲವನ್ನೂ ಗಣಕಯಂತ್ರಕ್ಕೆ ಏರಿಸಿದೆವು, ಸರಿ. ಆದರೆ ಅಲ್ಲಿ ಕಾದಿರುವುದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್‌ಗಳಲ್ಲಿ ಇಲ್ಲಿ ಬೀಳುವ ಸಿಡಿಲು ವಿದ್ಯುತ್ ತಂತಿಯಿಂದ ಬಾರದಿದ್ದರೆ ದೂರವಾಣಿ ತಂತಿಯಿಂದ ಬರುತ್ತದೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ಹೀಗೆ ಒಂದೇ ಸಂಜೆ ಹನ್ನೊಂದು ವರ್ಷಗಳ ಚಿತ್ರಗಳು ಹೋದವು. ಮೇಜಿನ ಮೇಲೆ ಎರಡನೆಯ ಡಿಸ್ಕೂ ಇತ್ತು. ಆದರೆ ಅದನ್ನು ಸದಾ ಗಣಕಕ್ಕೆ ಸಿಕ್ಕಿಸಿಯೇ ಇಡುತ್ತಿದ್ದರಾದ್ದರಿಂದ ಎರಡೂ ಜೊತೆಯಾಗಿಯೇ ಸುಟ್ಟವು. ಪ್ರತಿ ಇದ್ದೂ ಇಲ್ಲದಂತಾಗುವುದೆಂದರೆ ಇದು.

ಸಿಡಿಲು ಬೇಡ, ಬೇರೆ ಮನೆ, ಬೇರೆ ಊರು ಏಕೆ ಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕಬಕದ ಮೇಲೆ ಹಾದುಹೋಗುವ ಮಾಣಿ–ಮೈಸೂರು ಹೆದ್ದಾರಿಯಲ್ಲಿಯೇ ಸುಳ್ಯ, ಸಂಪಾಜೆ ದಾಟಿದರೆ ಜೋಡುಪಾಲ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ಮನೆಗಳು ಕೊಚ್ಚಿಹೋದುದನ್ನು ಯಾರೂ ಮರೆತಿರಲಾರರು. ಉಟ್ಟ ಬಟ್ಟೆಯಲ್ಲಿ ಓಡಿ ಪ್ರಾಣ ಉಳಿಸಿಕೊಂಡವರು ಆಲ್ಬಮ್ಮನ್ನೋ ಡಿಸ್ಕನ್ನೋ ಹುಡುಕುತ್ತ ನಿಲ್ಲಲು ಸಾಧ್ಯವೇ? ಅಂಥವರ ಮದುವೆಯ ಚಿತ್ರಗಳ ಒಂದು ಪ್ರತಿ ಬೆಂಗಳೂರಿನ ಮಗಳ ಮನೆಯಲ್ಲಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕಳೆದುಹೋಗುವುದು ಬರಿಯ ಮುಖಗಳಷ್ಟೇ ಎಂದು ತಿಳಿಯಬೇಡಿ. ಈ ಸೀಮೆಯ ಮನೆಮನೆಗಳ ಅಟ್ಟದಲ್ಲಿರುವ ಕ್ಯಾಸೆಟ್ ಪೆಟ್ಟಿಗೆಗಳ ಬಗ್ಗೆ ನನಗೆ ಹೆಚ್ಚಿನ ಚಿಂತೆ. ತಾಳಮದ್ದಳೆಯ ಅರ್ಥಗಾರಿಕೆಗೆ ಬರೆದಿಟ್ಟ ಮಾತಿಲ್ಲ. ಪದ್ಯ ಮಾತ್ರ ಪುಸ್ತಕದ್ದು, ಅರ್ಥ ಆ ರಾತ್ರಿಯದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಒಂದು ರಾತ್ರಿ ಆಡಿದ ಮಾತು ಮರುದಿನದ ಕೂಟದಲ್ಲಿ ಹಾಗೆಯೇ ಬರುತ್ತಿರಲಿಲ್ಲ. ಎದುರಿನ ಅರ್ಥಧಾರಿ ಬದಲಾದರೆ ವಾದದ ದಾರಿಯೇ ಬದಲು. ಬಲಿಪ ನಾರಾಯಣ ಭಾಗವತರು (1938–2023) ಹಾಡಿದ ಪದ್ಯಗಳಿಗೂ ಈ ಮಾತು ಸಲ್ಲುತ್ತದೆ. ಅಂಗಡಿಗಳಲ್ಲಿ ಮಾರಾಟವಾದ ಕ್ಯಾಸೆಟ್ಟುಗಳು ಎಲ್ಲಿಯಾದರೂ ಸಿಕ್ಕಾವು. ಆದರೆ ಯಾರದೋ ಮನೆಯ ಪೂಜೆಯ ರಾತ್ರಿ, ವೇದಿಕೆಯ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಬದಿ ಮುಗಿದಾಗ ನಿದ್ದೆಗಣ್ಣಿನಲ್ಲಿ ತಿರುಗಿಸಿ ಹಾಕಿದ ಕ್ಯಾಸೆಟ್ ಲೋಕದಲ್ಲಿ ಅದೊಂದೇ. ಅದರ ಒಡೆಯರು ನೀವೇ. ಅದು ಹೋದರೆ ಒಂದು ರಾತ್ರಿಯ ಶೇಣಿಯವರು ಹೋದರು. ಅದರ ನಡುವೆ ಕೆಮ್ಮಿದ ನಿಮ್ಮ ಅಜ್ಜನೂ ಹೋದರು.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಸರಿಯಾಗಿ ತಿರುಗುವ ಒಂದು ಟೇಪ್ ರೆಕಾರ್ಡರ್, ಅದರ ಕಿವಿಯಿಂದ ಗಣಕಕ್ಕೆ ಒಂದು ತಂತಿ, ಧರ್ಮಕ್ಕೆ ಸಿಗುವ ಆಡಾಸಿಟಿ ಎಂಬ ತಂತ್ರಾಂಶ, ಇಷ್ಟು ಸಾಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ ಬೇಕೇಬೇಕು, ಅವಸರವಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೂ ಒಂದು ನಿಮಿಷಕ್ಕೆ ಸುಮಾರು 10 ಎಂ.ಬಿ.; ಎಂದರೆ ಒಂದು ಟಿ.ಬಿ.ಯ ಡಿಸ್ಕಿನಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಹಿಡಿಯುತ್ತವೆ. (ಅತ್ತಿಮಬ್ಬೆಯ ಸಂಖ್ಯೆಯೇ ಮತ್ತೆ ಬಂತು, ನೋಡಿ.) ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಸಿ.ಡಿ.ಗಳಿಗೆ ಬರೆದಿಟ್ಟವರು ನಿಶ್ಚಿಂತರಾಗಬೇಡಿ. ಮನೆಯಲ್ಲಿ ಬರೆಯುವ ಸಿ.ಡಿ.ಯಲ್ಲಿ ದತ್ತಾಂಶವಿರುವುದು ಒಂದು ಬಣ್ಣದ ಲೇಪದಲ್ಲಿ. ಅದು ಬಿಸಿಲಿಗೆ, ತೇವಕ್ಕೆ ಮಾಸುತ್ತದೆ. ಮಾಸದಿದ್ದರೂ ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲ.

"ದೊಡ್ಡ ಕಂಪನಿ ನೋಡಿಕೊಳ್ಳುತ್ತದೆ" ಎಂಬ ವಾದಕ್ಕೆ ಬರುತ್ತೇನೆ. ನಿಮ್ಮಲ್ಲಿ ಎಷ್ಟೋ ಮಂದಿ ಕಾಲೇಜು ದಿನಗಳ ಚಿತ್ರಗಳನ್ನೆಲ್ಲ ಆರ್ಕುಟ್‌ನಲ್ಲಿ ಏರಿಸಿದ್ದಿರಿ; 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಮೈಸ್ಪೇಸ್ ಎಂಬ ತಾಣದಲ್ಲಿ ಜಗತ್ತಿನ ಗಾಯಕರು ಸುಮಾರು ಹನ್ನೆರಡು ವರ್ಷ ಏರಿಸಿದ್ದ ಹಾಡುಗಳು, ವರದಿಯಾದಂತೆ ಐದು ಕೋಟಿಗೂ ಹೆಚ್ಚು, ಯಂತ್ರ ಬದಲಾಯಿಸುವಾಗ ನಷ್ಟವಾದವೆಂದು 2019ರಲ್ಲಿ ತಿಳಿದುಬಂತು. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಬೇಕಾದರೂ ಧರ್ಮಕ್ಕೆ ಇಡಿ ಎಂದಿತು. 2021ರ ಜೂನ್ 1ರಿಂದ ಹೊಸದಾಗಿ ಇಡುವುದಕ್ಕೆ ಒಟ್ಟು 15 ಜಿ.ಬಿ.ಯ ಮಿತಿ ಬಂತು. 2023ರಲ್ಲಿ ಪ್ರಕಟಿಸಿದ ನಿಯಮದಂತೆ ಎರಡು ವರ್ಷ ಬಳಸದ ಖಾತೆಯನ್ನು ಒಳಗಿನ ಚಿತ್ರಗಳ ಸಮೇತ ಅಳಿಸಿಹಾಕಬಹುದು. ಎರಡು ವರ್ಷ ಬಳಸದ ಖಾತೆ ಎಂದರೆ ಯಾರದು? ಹಲವು ಸಲ ತೀರಿಹೋದವರದು. ಅವರ ಚಿತ್ರಗಳೇ ಅಲ್ಲವೇ ನಮಗೆ ಬೇಕಾದವು? ಕಂಪನಿಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವರು ವ್ಯಾಪಾರಿಗಳು, ವ್ಯಾಪಾರದ ಲೆಕ್ಕ ಅವರದು. ಅವರಲ್ಲಿಯೂ ಒಂದು ಪ್ರತಿ ಇರಲಿ, ಆದರೆ ಅದು ಒಂದು ಮಾತ್ರ.

ಇನ್ನೊಂದು ಭ್ರಮೆ ಇದಕ್ಕಿಂತ ಸೂಕ್ಷ್ಮವಾದುದು. ಫೋನಿನಲ್ಲಿಯೂ ಇದೆ, ಗೂಗಲ್‌ನಲ್ಲಿಯೂ ಇದೆ, ಎರಡಾಯಿತಲ್ಲ ಎನ್ನುತ್ತಾರೆ. ಆಗಲಿಲ್ಲ. ಒಂದಕ್ಕೊಂದು ಹೊಂದಿಕೊಂಡು ನಡೆಯುವ ಈ ಏರ್ಪಾಡಿನಲ್ಲಿ ಫೋನಿನಿಂದ ಮೊಮ್ಮಗು ಅಳಿಸಿದ ಚಿತ್ರ ಅಲ್ಲಿಂದಲೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ ಕೆಲವು ದಿನವಿದ್ದು ಆಮೇಲೆ ಅಲ್ಲಿಂದಲೂ ಹೋಗುತ್ತದೆ. ಅದು ಕನ್ನಡಿಯಂತೆ: ಎದುರಿನವನು ಎದ್ದುಹೋದರೆ ಕನ್ನಡಿಯಲ್ಲಿ ಯಾರಿರುತ್ತಾರೆ? ಗಣಕದಿಂದ ಬಿಡಿಸಿ ಬೇರೆಯಾಗಿಟ್ಟ ಡಿಸ್ಕಿಗೆ ಈ ಭಯವಿಲ್ಲ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳೂ ಅದನ್ನು ಮುಟ್ಟಲಾರವು.

ಪ್ರತಿ ಮಾಡಿಟ್ಟರಷ್ಟೇ ಸಾಲದು, ತೆರೆದು ನೋಡಬೇಕು. ‘ಟಾಯ್ ಸ್ಟೋರಿ 2’ ಎಂಬ ಮಕ್ಕಳ ಚಿತ್ರ 1999ರಲ್ಲಿ ಬಂತು. ಅದನ್ನು ತಯಾರಿಸುತ್ತಿದ್ದ ಪಿಕ್ಸಾರ್ ಸಂಸ್ಥೆಯಲ್ಲಿ 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ಕಾದಿಟ್ಟ ಪ್ರತಿಯನ್ನು ತೆಗೆದು ನೋಡಿದರೆ ಅದು ಸರಿಯಾಗಿ ಉಳಿದಿರಲೇ ಇಲ್ಲ. ಆಗ ನೆರವಾದದ್ದು ಗ್ಯಾಲಿನ್ ಸಸ್ಮನ್ ಎಂಬ ತಂತ್ರಜ್ಞೆಯ ಮನೆಯ ಗಣಕಯಂತ್ರ. ಹಸುಗೂಸಿದ್ದ ಕಾರಣ ಆಕೆ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದುದರಿಂದ ಚಿತ್ರದ ಪ್ರತಿ ಅಲ್ಲಿತ್ತು. ಅಷ್ಟು ದೊಡ್ಡ ಸಂಸ್ಥೆಯನ್ನು ಒಬ್ಬ ಬಾಣಂತಿಯ ಮನೆಯ ಗಣಕ ಕಾಪಾಡಿತು.

"ಇಷ್ಟೆಲ್ಲ ಏಕೆ ಕೂಡಿಡಬೇಕು, ಹೋದರೆ ಹೋಗಲಿ" ಎನ್ನುವ ವೈರಾಗ್ಯಶಾಲಿಗಳೂ ಇದ್ದಾರೆ. ಒಂದೇ ಊಟದ ಎಲೆಯನ್ನು ಹದಿನಾಲ್ಕು ಸಲ ತೆಗೆದ ಚಿತ್ರಗಳು ಹೋಗಲಿ, ಧಾರಾಳವಾಗಿ ಹೋಗಲಿ. ಆರಿಸುವ ಕೆಲಸ ಮಾಡಿ ಎಂದೇ ನಾನೂ ಹೇಳುವುದು. ಆದರೆ ಆರಿಸಿ ಬಿಡುವುದು ಬೇರೆ, ಸಿಡಿಲು ಆರಿಸುವುದು ಬೇರೆ. ಖರ್ಚಿನ ಮಾತೆತ್ತುವವರಿಗೆ ಉತ್ತರಿಸುವ ಅಗತ್ಯ ಕಾಣೆ. ಈಚಿನ ಒಂದು ಮದುವೆಯ ಶಾಮಿಯಾನದ ಬಾಡಿಗೆಯಲ್ಲಿ ಎಷ್ಟು ಡಿಸ್ಕುಗಳು ಬರುತ್ತವೆಂದು ಅವರೇ ಲೆಕ್ಕ ಹಾಕಲಿ. "ಒಮ್ಮೆ ಮಾಡಿಟ್ಟಿದ್ದೇನೆ" ಎನ್ನುವವರಿಗೆ ಕೇಳುತ್ತೇನೆ: ಹೋದ ವರ್ಷ ಅಡಿಕೆಗೆ ಮದ್ದು ಬಿಟ್ಟಿದ್ದೇನೆಂದು ಈ ವರ್ಷ ಬಿಡದೆ ಕುಳಿತವನ ತೋಟದಲ್ಲಿ ಕೊಳೆರೋಗ ಬಾರದೇ? ಡಿಸ್ಕೂ ಮುದಿಯಾಗುತ್ತದೆ. ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವ ಯಂತ್ರ. ಐದಾರು ವರ್ಷಕ್ಕೊಮ್ಮೆ ಓಲೆ ಬದಲಾಯಿಸಿದಂತೆ ಅದನ್ನೂ ಬದಲಾಯಿಸಬೇಕು.

ಹೆಸರಿನ ವಿಷಯ ಹೇಳದೆ ಮುಗಿಸಲಾರೆ. ಡಿ.ಎಸ್.ಸಿ. 0417 ಎಂಬ ಕಡತವನ್ನು ಹತ್ತು ಕಡೆ ಕಾದಿಟ್ಟರೂ ಅದರೊಳಗೆ ನಿಂತಿರುವ ಬಿಳಿಯ ಸೀರೆಯ ಮುದುಕಿ ಯಾರೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೇ ಇರುತ್ತಾರೆ, ಅವರಿಗೆ ಎಂಬತ್ತು ದಾಟಿರುತ್ತದೆ. ಆ ಒಬ್ಬರದೂ ಒಂದೇ ಪ್ರತಿ. ಆದ್ದರಿಂದ ವರ್ಷವನ್ನು ಮೊದಲು ಬರೆದು, ಆಮೇಲೆ ತಿಂಗಳು, ಸ್ಥಳ, ಜನರ ಹೆಸರು ಬರೆಯುವ ಪದ್ಧತಿ ಇಟ್ಟುಕೊಳ್ಳಿ. ಕ್ಯಾಮರಾದ ಗಡಿಯಾರವನ್ನು ನಂಬಬೇಡಿ. ಬ್ಯಾಟರಿ ತೆಗೆದು ಹಾಕಿದ ಕ್ಯಾಮರಾಗಳ ಪ್ರಕಾರ ನಮ್ಮ ಊರಿನ ಅರ್ಧ ಜಾತ್ರೆಗಳು ಜನವರಿ 1ರಂದೇ ನಡೆದಿವೆ.

ಈ ಕೆಲಸವನ್ನು ಯಾರು ಮಾಡಬೇಕು? ಊರಿನಲ್ಲಿ ಉಳಿದ ಮುದುಕರ ಮೇಲೆ ಇದನ್ನು ಹೊರಿಸಬೇಡಿ. ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇರುವವರೇ, ನಿಮ್ಮ ದೂರವೇ ಇಲ್ಲಿ ಉಪಯೋಗಕ್ಕೆ ಬರುವುದು. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ನಿಯಮವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು, ಕಡಲಾಚೆ ಒಂದು ಎಂದರೆ ನಮ್ಮ ಕುಟುಂಬಗಳಿಗೆ ಅದು ಹೇಳಿಮಾಡಿಸಿದ ನಿಯಮ. ಊರಿಗೆ ಬರುವಾಗ ಬಾದಾಮಿ, ಖರ್ಜೂರ ತರುತ್ತೀರಿ, ಸಂತೋಷ. ಈ ದೀಪಾವಳಿಗೆ ಅವುಗಳ ಜೊತೆ ಒಂದು ಬರಿದಾದ ಡಿಸ್ಕನ್ನೂ ತನ್ನಿ. ನಮ್ಮ ಮನೆಯ ಗಣಕದಲ್ಲಿರುವ ಶಾಲೆಯ ವಾರ್ಷಿಕೋತ್ಸವಗಳ ಚಿತ್ರಗಳನ್ನೂ, ಇಳಿಸಿಟ್ಟ ನಲವತ್ತಮೂರು ಕ್ಯಾಸೆಟ್ಟುಗಳನ್ನೂ ಯಾರು ಬೇಕಾದರೂ ಕೊಂಡೊಯ್ಯಬಹುದು. ನಿಮ್ಮಲ್ಲಿರುವುದನ್ನು ನನಗೂ ಕೊಡಬೇಕೆಂಬುದೊಂದೇ ಷರತ್ತು. ಬೆಳಿಗ್ಗೆ ಒಂಬತ್ತರ ಮೇಲೆ ಬನ್ನಿ. ಸಂಜೆ ಗುಡುಗು ಕೇಳಿಸಿದರೆ ಎಲ್ಲ ತಂತಿಗಳನ್ನೂ ಕಳಚಿಬಿಡುತ್ತೇನೆ, ಮರುದಿನದವರೆಗೆ ಏನೂ ನಡೆಯುವುದಿಲ್ಲ.