ಲಿಂಕ್ ಇದೆಯಾ ಎಂದು ಕೇಳುವ ಮುನ್ನ



2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ಹೊತ್ತಿನಲ್ಲಿ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿದವು. ಅವುಗಳಲ್ಲಿ ಇದ್ದದ್ದು ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳು. ಆಗ ನಮ್ಮಲ್ಲಿ ಎಷ್ಟೋ ಮಂದಿ 'ಆ ಹೆಂಗಸರ ಗತಿ ಏನಾಯಿತು' ಎಂದು ಕೇಳಲಿಲ್ಲ. 'ಲಿಂಕ್ ಇದೆಯಾ, ಕಳಿಸು' ಎಂದರು. ಹಾಗೆ ಕೇಳಿದವರೆಲ್ಲ ಕಟುಕರಲ್ಲ. ನೊಂದ ಹೆಣ್ಣನ್ನೂ ಬರೀ ವಿಡಿಯೊ ಎಂದು ನೋಡುವಷ್ಟು ಅವರ ಕಣ್ಣು ಪಳಗಿಹೋಗಿತ್ತು. ಕಣ್ಣು ಹೀಗೆ ಪಳಗುವುದರ ಬಗ್ಗೆ ಮಾತಾಡಬೇಕೆಂದೇ ಈ ಕರಪತ್ರ.

'ಆಂಟಿ' ಎಂಬ ಮಾತನ್ನೇ ನೋಡಿ. ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದಾಗ, ಬೀಗದ ಕೈ ಕೊಟ್ಟುಬರುವಾಗ ಬಾಯಿ ತುಂಬ ಕರೆಯುತ್ತಿದ್ದ ಮಾತು. ಇವತ್ತು ಹುಡುಗರ ಗುಂಪಿನಲ್ಲಿ ಅದನ್ನು ಅಂದರೆ ಇಬ್ಬರಾದರೂ ಕಿಸಕ್ಕನೆ ನಗುತ್ತಾರೆ. ಅಶ್ಲೀಲ ವಿಡಿಯೊಗಳ ತಲೆಬರಹದಲ್ಲಿ ಅದು ಸರಕಿನ ಹೆಸರಾಗಿದೆ. ಆ ಹೆಸರು ಮೊಬೈಲಿನಿಂದ ಇಳಿದು ನಮ್ಮ ಓಣಿಗೂ ಬಂದಿದೆ. 'ಅವರು' ಎನ್ನುತ್ತಿದ್ದ ಕಡೆ 'ಅದು' ಎನ್ನುತ್ತೇವೆ. ಪಕ್ಕದ ಮನೆಯ ಆ ತಾಯಿಗೆ ಮಾತ್ರ ಇದು ಗೊತ್ತಿಲ್ಲ. ಎಂದಿನಂತೆ ನಗುತ್ತಲೇ ಮಾತಾಡಿಸುತ್ತಾರೆ.

ಇಂಥ ವಿಡಿಯೊಗಳಲ್ಲಿ ಇರುವುದೇನು? ಅಮೆರಿಕದ ಸಂಶೋಧಕರು ಆಗ ಹೆಚ್ಚು ಮಾರಾಟವಾಗುತ್ತಿದ್ದ ನೀಲಿಚಿತ್ರಗಳ 304 ದೃಶ್ಯಗಳನ್ನು ಪರಿಶೀಲಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಶೇ 88ರಷ್ಟು ದೃಶ್ಯಗಳಲ್ಲಿ ಹೊಡೆತ, ಉಸಿರುಗಟ್ಟಿಸುವುದು ಮುಂತಾದ ಹಿಂಸೆ ಇತ್ತು. ಹಿಂಸೆ ಉಂಡವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಏಟು ಬಿದ್ದ ಮೇಲೂ ಅವರು ಖುಷಿಪಟ್ಟಂತೆ, ಇಲ್ಲವೇ ಏನೂ ಆಗಿಲ್ಲವೆಂಬಂತೆ ತೋರಿಸಲಾಗಿತ್ತು. ನೋಡಿದವರೆಲ್ಲ ಹೊಡೆಯುತ್ತಾರೆ ಎಂದು ನಾವು ಹೇಳುತ್ತಿಲ್ಲ. ಆದರೆ ಕಾಮದ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಡದ, ಶಾಲೆಯಲ್ಲಿ ಮೇಷ್ಟ್ರು ಆ ಪಾಠವನ್ನೇ ಹಾರಿಸಿಬಿಟ್ಟ ಹುಡುಗನಿಗೆ ಇದೊಂದೇ ಪಾಠವಾದರೆ, ಹೆಂಡತಿ 'ಬೇಡ' ಎಂದಾಗ ಅದು ಅವನ ಕಿವಿಗೆ ಹೇಗೆ ಬಿದ್ದೀತು?

ಅದೇ ಕಣ್ಣು ಕೊನೆಗೆ ನಮ್ಮ ಮೇಲೂ ತಿರುಗುತ್ತದೆ. ಬಚ್ಚಲಲ್ಲಿ ತಮ್ಮ ಮೈ ತಾವೇ ನೋಡಿಕೊಂಡು ಕುಗ್ಗುವ ಹುಡುಗರಿದ್ದಾರೆ. ನೀಲಿಚಿತ್ರದ ನಟರು ಆರಿಸಿ ತಂದವರು, ಗಂಟೆಗಟ್ಟಲೆ ಚಿತ್ರೀಕರಿಸಿದ್ದನ್ನು ಕತ್ತರಿಸಿ ಜೋಡಿಸಿದ್ದಾರೆ ಎಂದು ಅವರಿಗೆ ಹೇಳುವವರಿಲ್ಲ. ನೇರವಾಗಿಯೇ ಹೇಳುತ್ತೇವೆ: 15,521 ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವೈದ್ಯಕೀಯ ಅಧ್ಯಯನದಲ್ಲಿ ಉದ್ರೇಕಗೊಂಡ ಶಿಶ್ನದ ಸರಾಸರಿ ಉದ್ದ 13 ಸೆಂಟಿಮೀಟರ್‌ಗಿಂತ ತುಸುವೇ ಹೆಚ್ಚು. ಇದು ಗೊತ್ತಿಲ್ಲದ ಹುಡುಗ ಬಸ್‌ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಜಾಹೀರಾತು ನಂಬಿ, ಲಾಡ್ಜ್ ರೂಮಿನ ನಕಲಿ ವೈದ್ಯನಿಗೆ ಸಂಬಳ ಸುರಿದು ಬರುತ್ತಾನೆ. ಇನ್ನು ಹೊಸದಾಗಿ ಮದುವೆಯಾದ ಹೆಣ್ಣುಮಗಳು, ತಾನೆಂದೂ ಕಾಣದ ಯಾರದೋ ಮೈಯೊಂದಿಗೆ ತನ್ನನ್ನು ಹೋಲಿಸಲಾಗುತ್ತಿದೆ ಎಂದು ಯಾರ ಬಳಿ ಹೇಳಿಕೊಳ್ಳಬೇಕು?

ಆಸೆ ಪಾಪವಲ್ಲ, ಹಸ್ತಮೈಥುನ ರೋಗವಲ್ಲ. ನೀಲಿಚಿತ್ರ ನೋಡಿ ನಾಚಿಕೊಂಡ ಮಾತ್ರಕ್ಕೆ ಯಾರೂ ರೋಗಿಯಾಗುವುದಿಲ್ಲ. ಈ ಕೊನೆಯ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಬಿಡಬೇಕೆಂದು ಮತ್ತೆ ಮತ್ತೆ ಹೊರಟು ಸೋತು, ಓದು, ಕೆಲಸ, ಸಂಸಾರ ಕೆಡುತ್ತಿದ್ದರೆ ಮಾತ್ರ ಅದಕ್ಕೆ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಣ್ಣಂದಿರೇ, ತಮ್ಮನ ಕೈಗೆ ಮೊಬೈಲ್ ಬಂದಿದ್ದರೆ ಅವನ ಜೊತೆ ಈ ಮಾತು ಆಡಿ, ಗದರಬೇಡಿ. ವಾಟ್ಸಾಪ್ ಗುಂಪಿಗೆ ಯಾರದೋ ಖಾಸಗಿ ವಿಡಿಯೊ ಬಂದರೆ ತೆರೆಯದೆ ಅಳಿಸಿ, ಕಳಿಸಿದವನಿಗೆ ಫೋನ್ ಮಾಡಿ ಯಾಕೆ ಕಳಿಸಿದೆ ಎಂದು ಕೇಳಿ. ಈ ಹಾಳೆಯನ್ನು ಓದಿದ ಮೇಲೆ ಇನ್ನೊಬ್ಬರ ಕೈಗೆ ಕೊಡಿ.