ಆ ಟ್ರಂಕನ್ನು ರದ್ದಿಗೆ ಹಾಕಬೇಡಿ

ಪುಣೆಯ ಕನ್ನಡಿಗ ಬಂಧುಗಳೇ,

ಘೋರ್ಪಡಿ ಕಡೆಯ ಯುದ್ಧ ಸ್ಮಾರಕವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಊರಿಂದ ನೆಂಟರು ಬಂದಾಗ ಕರೆದುಕೊಂಡು ಹೋಗಿದ್ದೀರಿ, ಮಿಗ್-23 ವಿಮಾನದ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದಿದ್ದೀರಿ. ಅದು ನಾಗರಿಕರ ವಂತಿಗೆಯಿಂದ ಎದ್ದು ನಿಂತ ಸ್ಮಾರಕ ಎಂಬುದೂ ಹಲವರಿಗೆ ಗೊತ್ತು. 1998ರ ಆಗಸ್ಟ್ 15ರಂದು ಅದು ತೆರೆಯಿತು. ವಂತಿಗೆ ಕೂಡಿಸಲು ಓಡಾಡಿದವರಲ್ಲಿ, ಕೊಟ್ಟವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಇನ್ನೂ ಮೂವತ್ತು ವರ್ಷ ತುಂಬಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮ ನಡುವೆಯೇ ಇರಬೇಕು. ಯಾರಾದರೂ ಹೋಗಿ ಕೇಳಿದ್ದೇವೆಯೇ?

ಕೇಳುವುದಿಲ್ಲ. ನಾನು ಕ್ಷಮಿಸಲಾರದ್ದು ಇದೊಂದೇ.

ಹೋದ ದೀಪಾವಳಿಯ ಮುಂಚೆ ಒಂದು ರದ್ದಿ ಅಂಗಡಿಯಲ್ಲಿ ಕರಿ ಟ್ರಂಕೊಂದನ್ನು ಬರಿದು ಮಾಡುತ್ತಿದ್ದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು, ಪಲ್ಟಣ. ಒಳಗೆ ಡಿಸ್ಚಾರ್ಜ್ ಬುಕ್ಕು, ಎರಡು ಪದಕ, ಕನ್ನಡದಲ್ಲಿ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು. ಪತ್ರಗಳು ಹಳೆಯ ಪೇಪರಿನ ಜೊತೆ ತಕ್ಕಡಿ ಏರಿದವು. ತಂದುಹಾಕಿದವರು ನಮ್ಮವರೇ. "ಅಜ್ಜಾರ ಸಾಮಾನ್ರಿ, ಫ್ಲ್ಯಾಟಿನಾಗ ಜಾಗಾ ಎಲ್ಲೈತಿ" ಅಂದರು. ಅಜ್ಜ ಎಲ್ಲಿ ಕಾದಿದ್ದರು ಎಂದು ಕೇಳಿದೆ. ಗೊತ್ತಿಲ್ಲ. ಯಾವ ಯುದ್ಧ? ಅದೂ ಗೊತ್ತಿಲ್ಲ. ಬಡವರಲ್ಲ, ಓದದವರಲ್ಲ. ಒಂದೇ ಸೂರಿನಡಿ ವರ್ಷಗಟ್ಟಲೆ ಆ ಮುದುಕನ ಜೊತೆ ಉಂಡವರು!

ಇಂಥದ್ದನ್ನು ಉಳಿಸಿ ಮ್ಯೂಸಿಯಂ ಮಾಡುವುದು ಸರ್ಕಾರದ ಕೆಲಸ, ಸೈನ್ಯದ ಕೆಲಸ ಎಂದು ಕೈತೊಳೆದುಕೊಳ್ಳುವವರಿಗೆ ಈ ಊರಿನದೇ ಚರಿತ್ರೆ ನೆನಪಿಸುತ್ತೇನೆ. ಮೂರನೆಯ ಪಾಣಿಪತ್ ಯುದ್ಧ ನಡೆದದ್ದು 1761ರಲ್ಲಿ. ಆ ಕಾಲದ ಪತ್ರಗಳು ಹಳೆಯ ಮನೆತನಗಳಲ್ಲಿ ಗೆದ್ದಲಿಗೆ ಬಿದ್ದಿದ್ದವು. ಇತಿಹಾಸಕಾರ ವಿ. ಕಾ. ರಾಜವಾಡೆ ಊರೂರು ತಿರುಗಿ, ಬೇಡಿ, ಜಗಳವಾಡಿ ಹಳೆಯ ಕಾಗದಪತ್ರಗಳನ್ನು ಕೂಡಿಹಾಕಿದರು. ಅವರ ಮೊದಲ ಸಂಪುಟ 1898ರಲ್ಲಿ ಅಚ್ಚಾಯಿತು. ಅದರ ತುಂಬ ಪಾಣಿಪತ್ತಿನ ಹಿಂದುಮುಂದಿನ ವರ್ಷಗಳ ಪತ್ರಗಳೇ. 1910ರಲ್ಲಿ ಅವರೂ ಜೊತೆಗಾರ ಮೆಹೆಂದಳೆಯವರೂ ಸೇರಿ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು. ಅದಾದ ಮೇಲೆ ದಿನಕರ ಕೇಳ್ಕರ್ ಬಂದರು. 1920ರ ಸುಮಾರಿಗೆ ಶುರುಮಾಡಿ, ಹೆಂಡತಿ ಕಮಲಾಬಾಯಿಯವರ ಜೊತೆಗೂಡಿ, 1960ರ ಹೊತ್ತಿಗೆ ಸುಮಾರು 15,000 ವಸ್ತು ಕೂಡಿಸಿದರು. 1975ರಲ್ಲಿ ಸಂಗ್ರಹವನ್ನು ರಾಜ್ಯಕ್ಕೆ ಒಪ್ಪಿಸಿದರು. ಇವರಿಗೆಲ್ಲ ಯಾವ ಸರ್ಕಾರ ಸಂಬಳ ಕೊಟ್ಟು ಕಳಿಸಿತ್ತು? ಬೈಸಿಕೊಂಡು ಮನೆಬಾಗಿಲಿಗೆ ಹೋಗಿ ನಿಲ್ಲುವ ಹುಚ್ಚು ಇತ್ತು, ಅಷ್ಟೇ. ಅವರು ಉಳಿಸಿದ್ದು ಬೇರೆಯವರ ಮುತ್ತಜ್ಜಂದಿರ ಕಾಗದ. ನಾವು ತಕ್ಕಡಿಗೆ ಹಾಕುತ್ತಿರುವುದು ನಮ್ಮ ಸ್ವಂತ ಅಜ್ಜನದು.

ಖಡ್ಕಿಯ ಯುದ್ಧ ಸಮಾಧಿಗಳಿಗೆ ಹೋಗಿ ನೋಡಿ. ಎರಡನೆಯ ಮಹಾಯುದ್ಧದ 1,668 ಸಮಾಧಿಗಳು. ಗುರುತು ಸಿಕ್ಕ ಪ್ರತಿಯೊಬ್ಬನ ಹೆಸರೂ ಕಲ್ಲಿನ ಮೇಲಿದೆ. ಸಾವಿರಾರು ಮೈಲಿ ದೂರದ ಮೊಮ್ಮಕ್ಕಳು ಇವತ್ತಿಗೂ ಅಜ್ಜನ ಕಲ್ಲನ್ನು ಹುಡುಕಿಕೊಳ್ಳಬಲ್ಲರು. ಅದೇ ಯುದ್ಧಕ್ಕೆ 25 ಲಕ್ಷ ಭಾರತೀಯರು ಹೋದರು. ಇಟಲಿಯ ಸೆನಿಯೊ ನದಿಯ ದಂಡೆಯಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದ ಮರಾಠಾ ಪಲ್ಟಣದ ನಾಮದೇವ ಜಾಧವ್ ತೀರಿಕೊಂಡದ್ದು 1984ರಲ್ಲಿ, ಇದೇ ಪುಣೆಯಲ್ಲಿ. ಅವರ ಹೆಸರಾದರೂ ಪುಸ್ತಕದಲ್ಲಿ ಉಳಿಯಿತು. ಅದೇ ಪಲ್ಟಣದಲ್ಲಿದ್ದ ಬೆಳಗಾವಿ ಕಡೆಯ ಸಿಪಾಯಿಗೆ ಪುಸ್ತಕ ಯಾವುದು? ಆ ಟ್ರಂಕೇ ಅವನ ಪುಸ್ತಕ.

ಆ ಪೀಳಿಗೆ ಬಹುಪಾಲು ಹೋಯಿತು. 1962ರ ಯುದ್ಧದಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. 1971ರವರಿಗೆ ಕಿವಿ ಮಂದವಾಗುತ್ತಿದೆ. ಮುಂದಿನ ವರ್ಷ ನೋಡೋಣ ಎನ್ನುವ ಮಾತು ಅವರ ವಿಷಯದಲ್ಲಿ ಕ್ರೌರ್ಯ.

ನಾನು ಬೇಡುವುದು ದೊಡ್ಡದೇನಲ್ಲ. ಈ ಭಾನುವಾರ ಹೋಗಿ ಆ ಹಳೆಯ ಸೈನಿಕರೆದುರು ಕುಳಿತುಕೊಳ್ಳಿ, ಮೊಬೈಲಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಳ್ಳಿ. ಹಳೆಯ ಫೋಟೋಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆಯಿರಿ. ಕನ್ನಡ ಓದಬಲ್ಲ ನಾವು ಸ್ಮಾರಕದ ಮ್ಯೂಸಿಯಮ್ಮಿಗೆ ಹೋಗಿ, "ಕನ್ನಡದ ಪತ್ರ ಬಂದರೆ ಓದಿ ಮರಾಠಿಗೆ, ಹಿಂದಿಗೆ ಇಳಿಸಿಕೊಡುತ್ತೇವೆ" ಎಂದು ನಾವಾಗಿಯೇ ಹೇಳೋಣ. ಸ್ಮಾರಕ ಕಟ್ಟಲು ದುಡಿದವರ ಮನೆ ಎಲ್ಲಿದೆಯೆಂದು ಅಲ್ಲಿಯೇ ವಿಚಾರಿಸೋಣ. ಅವರ ಕಥೆಯೂ ನಾಳೆ ಇನ್ನೊಂದು ಟ್ರಂಕಿನಲ್ಲಿ ಹೊರಗೆ ಬೀಳುವಂತಾಗಬಾರದು. ಮನೆಯಲ್ಲಿ ಜಾಗ ಇಲ್ಲವೇ? ಪತ್ರ, ಪದಕ, ಡಿಸ್ಚಾರ್ಜ್ ಬುಕ್ಕಿಗೆ ಬೇಕಾದದ್ದು ಒಂದು ಚಪ್ಪಲಿ ಡಬ್ಬಿಯಷ್ಟು ಜಾಗ. ಅಷ್ಟೂ ಇಲ್ಲ ಎನ್ನುವವರು ರದ್ದಿಯವನನ್ನು ಕರೆಯುವ ಮುಂಚೆ ನಮ್ಮ ಯಾವುದೇ ಕನ್ನಡ ಸಂಘಕ್ಕೆ ಒಂದು ಮಾತು ತಿಳಿಸಿ. ಟ್ರಂಕು ಹೊತ್ತುಕೊಂಡು ಹೋಗಲು ನಾನೇ ಬರುತ್ತೇನೆ.